ಒಳಗಿನವ

ಜಾಗಾ ಇಲ್ಲ ಅಂತು ಫೋನು.
ಎಂಟು ಜೀಬಿ ಹೊಟ್ಟಿ, ಅದರಾಗ ಐದು
ತನ್ನದು ತಾನೇ ತಿಂದು ಕೂತದ.
ಫರಸಿ ಫೋಟೋ ಹೊಡೀಲಿಕ್ಕ ಹೋದ್ರ
ಏನರ ಒಂದು ತಗೀ, ಆಮ್ಯಾಲ ಹೊಡಿ ಅಂತದ.
ಏನು ತಗೀಲಿ?

ಶಹಾಬಾದ ಸ್ಟೇಷನ್ ಎದುರು ಮಕ್ಬೂಲನ ಅಂಗಡಿ.
ಅಂಗಡಿ ಅಂದ್ರ ಒಂದು ಗಾಜಿನ ಡಬ್ಬಿ, ಒಂದು ಸ್ಟೂಲು,
ಗೂಡ್ಸ್ ಗಾಡಿ ಹೋದಾಗೆಲ್ಲ ನಡುಗೋ ಸ್ಕ್ರೂಗಳ ತಾಟು.
ನನ್ನ ಹಳೇ ಕಾರ್ಡು ಉಗುರಿನ ಮ್ಯಾಲಿಟ್ಟು ನೋಡಿದ.
ಮೂವತ್ತೆರಡು. ಮೂರು ಫೋನು ಕಂಡದ್ದು,
ಎಲ್ಲಿ ಹಾಕಿದ್ರ ಅಲ್ಲಿ ಬಾಯಿ ಬಿಡತಿತ್ತು.

ಫೋನು ಕೇಳ್ತು: ಇಂವ ಬೀಗನೋ, ಮನಿಯವನೋ?
ಹಂಗೇ ಕೇಳಲಿಲ್ಲ ಬಿಡ್ರಿ, ಇಂಗ್ಲಿಷಿನಾಗ ಕೇಳ್ತು.
ಮಕ್ಬೂಲ ಬಿಡಿಸಿ ಹೇಳಿದ:
"ಬೀಗ ಅಂದ್ರ ಬರ್ತಾನ, ಉಣ್ತಾನ, ಹೋಗ್ತಾನ.
ಮನಿಯವ ಆದ್ರ ಮೊದಲು ಇದ್ದದ್ದೆಲ್ಲಾ ಅಳಸ್ತದ,
ಆಮ್ಯಾಲ ಇದೊಂದೇ ಫೋನಿಗಿ ಗಂಟು.
ಬ್ಯಾರೇದಕ್ಕ ಹಾಕಿದ್ರ ಮೂಕ.
ಮಾಡ್ಲೇನು ರೇವಣಪ್ಪಣ್ಣ?"

ನಗು ಬಂತು ನನಗ.

ಹದಿನೆಂಟು ವರ್ಷದ ಹಿಂದ
ಒಂದು ಟ್ರಂಕು, ಒಂದು ಚಾದರ ತಗೊಂಡು
ಚಿಂಚೋಳಿ ಬಸ್ಸು ಇಳದು ಸಾಯಬಣ್ಣ ಮಾವನ
ಫರಸಿ ಅಂಗಳದಾಗ ನಿಂತಾವ ನಾನು.
ಮಷಿನು ಎರಡು, ಮಗಳು ಒಬ್ಬಳು, ಗಂಡುಮಕ್ಕಳಿಲ್ಲ.
ಮದಿವಿ ಮರುದಿನ ಪಾಲಿಶ್ ಮಷಿನಿನ ಹಿಡಿ ಕೈಗಿ ಬಂತು.
ಊರಾಗ ನನಗ ಕೊಡ್ಲಿ ಅಂತಿದ್ರು,
ಕಟ್ಟಿಗಿ ಒಡಿಯೂದ್ರಾಗ ಕೈ ಛಲೋ ಅಂತ.
ಇಲ್ಲಿ ಯಾರಿಗಿ ಗೊತ್ತು ಅದು?
ಇಲ್ಲಿ ನಾ ಸಾಯಬಣ್ಣನ ಅಳಿಯ. ಬ್ಯಾಂಕಿನಾಗೂ ಹಂಗೇ ಕರೀತಾರ.

"ಮಾಡು" ಅಂದೆ.
ಒತ್ತಿದ.
ಹೋಯ್ತು ದೊಡ್ಡಪ್ಪ ಎತ್ತಿಗಿ ಬೈದ ನಾಕು ನಿಮಿಷ,
ನಮ್ಮೂರ ಬಾವಿ, ಬಾವ್ಯಾಗ ತೇಲೋ ನನ್ನ ಚಪ್ಪಲಿ,
ಯಾರದೋ ಕುಬಸ, ಯಾರದಂತ ಈಗ ನೆನಪಿಲ್ಲ.
ನೂರಕ್ಕ ನೂರು ಆಗೋತನ ಚಾ ಕುಡದೇವಿ.

ಎರಡು ವರ್ಷ ಛಂದ ನಡೀತು.
ಛಂದ ಅಂದ್ರ ಸಾವಕಾಶ. ಒಂದು ಫೋಟೋ ತೆರೀಬೇಕಾದ್ರ
ಉಸುರು ಬಿಟ್ಟು ತೆರೀತಿತ್ತು.
ಹೊರಗಿಂದ ಬಂದದ್ದು, ಎಷ್ಟಂದ್ರೂ ಎರಡನೇ ಪಂಕ್ತಿ.
ಮಾವನೂ ಹಂಗೇ ಅಂತಿದ್ದನಂತ, ನಾ ಇಲ್ಲದಾಗ.
ಇದ್ದಾಗ ಮಾತ್ರ ಖಾರಬ್ಯಾಳಿ
ನನ್ನ ಗಂಗಾಳಕ್ಕೇ ಮೊದಲು ಹಾಕಸ್ತಿದ್ದ.

ಮೊನ್ನಿ ಫೋನು ಪಾಲಿಶಿನ ರಾಡಿ ನೀರಾಗ ಬಿತ್ತು.
ಒರಸಿದೆ, ಬಿಸಲಿಗಿ ಇಟ್ಟೆ, ಜೋಳದಾಗ ಹುಗದೆ.
ಏಳಲಿಲ್ಲ.
ಕಾರ್ಡಿಗಿ ಒಂದು ಗೆರಿ ಸುದ್ದಾ ಬಿದ್ದಿಲ್ಲ.
ನೀಲಗಂಗಾನ ಫೋನಿಗಿ ಹಾಕಿದ್ರ, ಇದು ಯಾರು? ಅಂತು.
ಮಕ್ಬೂಲ ತಿರುಗಿಸಿ ಮುರುಗಿಸಿ ನೋಡಿ ಹೇಳಿದ,
"ಎಲ್ಲಾ ಒಳಗೇ ಅದ ಅಣ್ಣ.
ಚಾವಿ ಸತ್ತದ್ದರ ಹೊಟ್ಯಾಗ."

ಉದ್ರಿ ಪಟ್ಟಿ ಅದರಾಗೇ ಇತ್ತು.
ಸೇಡಂದಾವ್ರದು ಎಂಟು ಬ್ರಾಸ್,
ಮಳಖೇಡದ ಗೌಂಡಿದು ಮೂರೋ, ಐದೋ.
ಎರಡು ದಿನ ಮಷಿನು ಹಚ್ಚಲಿಲ್ಲ ನಾ.
ಮೂರನೇ ದಿನ ಗೌಂಡಿ ತಾನೇ ಬಂದ.
"ಆರು ಬ್ರಾಸಿನ ರೊಕ್ಕ. ಎಣಿಸಿಕೋ, ಕೊಡ್ಲಿ" ಅಂದ.
ಕೊಡು ಅಂದೆ.
ಆಮ್ಯಾಲ ತಿಳೀತು, ಅಂವ ಕೇಳಿದ್ದಲ್ಲ,
ಕರದದ್ದು.

ನಿಮ್ಮೂರಿಗಿ ಹೋಗಿದ್ದೆ, ಮಸೂತಿಗಿ ಗಚ್ಚು ಹಾಕಲಿಕ್ಕ, ಅಂದ.
ಅಲ್ಲೊಬ್ಬ ಮುದುಕ
ಎತ್ತಿಗಿ ಬೈತಾ ಬೈತಾ ನಿನ್ನ ಕೇಳ್ತಿದ್ದ.

ಹಳೇ ಕಾರ್ಡು ಸುಣ್ಣದ ಡಬ್ಬ್ಯಾಗ ಅದ.
ಹೊಸ ಫೋನು ರಾತ್ರಿ ಮತ್ತ ಅದೇ ಕೇಳ್ತು.
ಬೆರಳೆತ್ತಿ ಕೂತಿದ್ದೆ.
ರೊಟ್ಟಿ ಬಡಿಯೋ ಕೈಲೇ ನೀಲಗಂಗಾ ಬಗ್ಗಿ ಒತ್ತಿಬಿಟ್ಟಳು.
ಏನೊತ್ತಿದಿ?
"ನನಗೇನು ಗೊತ್ತು, ಇಂಗ್ಲಿಷಿನಾಗಿತ್ತು.
ಮ್ಯಾಲಿನ ಹಿಟ್ಟು ಒರಸಿಕೋ."