ಕಿವಿರು

ಏಪ್ರಿಲ್ ಹದಿನೇಳು, ಮಧ್ಯಾಹ್ನ ಎರಡೂ ಹತ್ತು.
ವಿನೋಬನಗರಕ್ಕೆ ಕರೆಂಟಿಲ್ಲ.
ಮಗಳ ಫೋನು ಅಂಗಡಿಗೆ:
"ಅಪ್ಪಾ, ಮೂವತ್ತು ದಾಟಿತು."
ಮನೆಯಲ್ಲಿ ಯಾರಿಗೋ ಜ್ವರ ಏರಿದ ಹಾಗೆ ಅವಳ ದನಿ.

ನಾನಾಗ ಅಂಜಲು ಕೊಯ್ಯುತ್ತಿದ್ದೆ.
ಗಿರಾಕಿ ಕೇಳಿದ್ದರು, ಎಲ್ಲರೂ ಕೇಳುವ ಹಾಗೆ, "ಫ್ರೆಶ್ಶಾ?"
ನಾನೂ ಎಲ್ಲರಿಗೂ ತೋರಿಸುವ ಹಾಗೆ
ಹೆಬ್ಬೆರಳಿಂದ ಕಿವಿರೆತ್ತಿ ತೋರಿಸಿದ್ದೆ:
ದಾಸವಾಳದ ಕೆಂಪು.
ಇಪ್ಪತ್ತೆಂಟು ವರ್ಷದಲ್ಲಿ ಈ ಊರಿಗೆ
ನಾನು ತೋರಿಸಿದ ಕಡಲು ಅಷ್ಟೇ ಅಗಲ.

ತೊಟ್ಟಿ ಹಲ್ಲಿನ ಡಾಕ್ಟರದ್ದು.
ದುರ್ಗಿಗುಡಿಯ ಕ್ಲಿನಿಕ್ಕು ಮುಚ್ಚುವಾಗ
ಮೀನಿನ ಹಳೇ ಬಾಕಿಗೆ ಬದಲಾಗಿ
ಮೀನು, ಕಲ್ಲು, ಪಂಪು ಸಮೇತ ದಾಟಿಸಿದರು.
ತಂಪು ಮಾಡುವ ಯಂತ್ರ ಆಗಲೇ ಕೆಟ್ಟಿತ್ತು.
ಹೊಸತರ ಬೆಲೆ ಕೇಳಿದ ವನಜಾಕ್ಷಿ
ಅದಕ್ಕೆಷ್ಟು ಕೇಜಿ ಪಾಂಪ್ಲೆಟ್ಟೆಂದು ಬೆರಳೆಣಿಸಿ
ಒಳಗೆ ಹೋದಳು.

ಕಿತ್ತಳೆ ಮೈಗೆ ಬಿಳಿ ಪಟ್ಟೆಯವು ಎರಡು,
ನಾನಿಟ್ಟ ಹೆಸರು ಕೋಡಂಗಿ.
ಚೋಟುದ್ದದ ನೀಲಿ ಒಂದು.
ಕಲ್ಲಿಗಂಟಿ ತೂಗುವ ಕಡಲ ಹೂವು.
"ಹೂವಲ್ಲಪ್ಪ, ಪ್ರಾಣಿ," ತಿದ್ದುತ್ತಾಳೆ ಯಕ್ಷಿತಾ.
ಇವಕ್ಕೆಲ್ಲ ಬೇಕಾದ್ದು ಇಪ್ಪತ್ತಾರು ಡಿಗ್ರಿ.
ಊರು ಮೂವತ್ತೆಂಟರಲ್ಲಿದೆ.
"ನಿಮ್ಮದು ಮಲೆನಾಡಲ್ವಾ ಮಾರಾಯ, ತಂಪಲ್ವಾ,"
ಅನ್ನುತ್ತಾರೆ ಮಲ್ಪೆಯ ಭಾವ.
ನಮ್ಮ ಆರ್‌ಸಿಸಿ ಕೆಳಗೆ ಅವರು ಮಲಗಿಲ್ಲ.

ನೋಟ್‌ಬುಕ್ಕಿನಲ್ಲಿ ಅವಳದೇ ಕಾನೂನು:
ಹಗಲು ಲೈಟು ಬೇಡ. ಮುಚ್ಚಳ ತೆಗಿ,
ಆದರೆ ಬಲೆ ಹಾಸು, ಹಾರಿಬಿಡುತ್ತವೆ.
ಫ್ಯಾನು ನೀರಿನ ಮೇಲೆ ಓರೆಯಾಗಿ.
ಐಸು ನೀರಿಗೆ ತಾಗಕೂಡದು, ಬಾಟಲಿಯೊಳಗೇ ತೇಲಲಿ,
ಒಂದಾದಮೇಲೆ ಒಂದು. ತಟ್ಟನೆ ತಣಿದರೂ ಸಾವೇ.

ಫ್ಯಾನು ತಿರುಗಿ ತಿರುಗಿ ದಿನಕ್ಕೊಂದು ಬೆರಳು ನೀರಿಳಿಯುತ್ತದೆ.
ಮೊದಲ ವಾರ ನಾನು ಉಪ್ಪು ಕದಡಿ ತಂದಿದ್ದೆ ತುಂಬಲು.
ಕೈ ಹಿಡಿದು ನಿಲ್ಲಿಸಿದಳು:
"ಹೋಗಿದ್ದು ನೀರು ಮಾತ್ರ. ಉಪ್ಪು ಅಲ್ಲೇ ಇದೆ."

ಐಸು ನನಗೆ ಹೊಸತೇ?
ಹುಲಿಕಲ್ ಘಾಟಿ ಹತ್ತಿ ನಸುಕಿಗೆ ಬರುವ ಲಾರಿ,
ಬಂಗುಡೆಗೆ ಪುಡಿ, ಅಂಜಲಿಗೆ ಗಡ್ಡೆ,
ಎಷ್ಟು ಹೊತ್ತಿಗೆ ಎಷ್ಟು ಕರಗುತ್ತದೆಂದು ಅಂಗೈಗೆ ಗೊತ್ತು.
ಸತ್ತದ್ದು ಸತ್ತ ಹಾಗೆ ಕಾಣದಂತೆ ಇಡುವುದು
ನನ್ನ ಕಸುಬು.

ಅಂಗಡಿಯ ಫ್ರೀಜರಿಂದ ಬಾಟಲಿ ಎಂಟು,
ಸೋಪು ಹಾಕಿ ತೊಳೆದು, ಮೂಸಿ, ಮತ್ತೆ ತೊಳೆದು,
ಸ್ಕೂಟಿಯ ಕಾಲಡಿ ಥರ್ಮಾಕೋಲ್ ಪೆಟ್ಟಿಗೆ.
ಗೋಪಿ ಸರ್ಕಲ್ಲಿನಲ್ಲಿ ಸಿಗ್ನಲ್ಲೂ ಆರಿತ್ತು,
ಯಾರೂ ಯಾರಿಗೂ ದಾರಿ ಬಿಡಲಿಲ್ಲ.

ಮನೆಯಲ್ಲಿ ಅವಳು ಸ್ಟೂಲಿನ ಮೇಲೆ.
ಲೋಟದಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತಿದ್ದಾಳೆ,
ಗಾಳಿ ಸೇರಲೆಂದು, ಒಂದೇ ಸಮನೆ,
ಮುಂಗೈ ಬೆಳ್ಳಗೆ ಉಪ್ಪುಗಟ್ಟಿದೆ.
ನೀಲಿಯದು ತಳದಲ್ಲಿ ಪಕ್ಕಕ್ಕೆ ವಾಲಿದೆ.
ಕೋಡಂಗಿಗಳು ಮೇಲೆ, ನೀರಿನ ಅಂಚಿಗೆ.
ಬಾಟಲಿ ಇಳಿಬಿಟ್ಟು ಗಾಜಿಗೆ ಮೂಗಿಟ್ಟು ಕೂತೆ.

ಕಿವಿರು ತನ್ನಷ್ಟಕ್ಕೆ ತೆರೆದುಕೊಳ್ಳುವುದನ್ನು
ಇಷ್ಟು ಹತ್ತಿರ ನೋಡಿದ್ದು ಐವತ್ತೊಂದನೇ ವಯಸ್ಸಿಗೆ.
ತೆರೆ, ಮುಚ್ಚು. ತೆರೆ, ಮುಚ್ಚು.
ಎಣಿಸಲು ಹೋಗಿ ತಪ್ಪಿತು,
ಅಷ್ಟು ಅವಸರ.
ಮೂರನೇ ಬಾಟಲಿಗೆ ಎಣಿಕೆ ಸಿಕ್ಕಿತು.

ನೀಲಿಯನ್ನು ಎತ್ತಿದೆ.
ಅಂಗೈಯಲ್ಲಿ ಒಂದು ಎಲೆಯಷ್ಟೂ ಭಾರವಿಲ್ಲ.
ರೂಢಿ ನೋಡಿ, ಹೆಬ್ಬೆರಳು ತಾನೇ ಹೋಗಿ
ಕಿವಿರೆತ್ತಿತು.
ಕೆಂಪಗಿತ್ತು, ಇನ್ನೂ.
ಮಗಳು ನೋಡುತ್ತಿದ್ದಳು.
ಬೆರಳು ತೆಗೆದೆ.

ಕರಿಬೇವಿನ ಕುಂಡದಲ್ಲಿ
ಚಮಚದಿಂದ ಅವಳೇ ಮಣ್ಣು ಬಗೆದಳು.

ಐದೂ ಇಪ್ಪತ್ತಕ್ಕೆ ಕರೆಂಟು ಬಂತು.
ಫ್ಯಾನು ಕಿರುಗುಟ್ಟಿತು. ಇಪ್ಪತ್ತೆಂಟು ಪಾಯಿಂಟ್ ಎರಡು,
ಬರೆದುಕೊಂಡಳು.
ನಾಳೆಯೂ ತೆಗೆಯುತ್ತಾರಂತೆ, ಲೈನ್‌ಮನ್ ಅಂದನಂತೆ,
ಬಾಟಲಿ ಮನೆಯ ಫ್ರೀಜರಿನಲ್ಲೂ ಇಡಬೇಕು, ಜಾಗವೆಲ್ಲಿ?
ವನಜಾಕ್ಷಿ ಬಂಗುಡೆಯ ಡಬ್ಬಿ ಹೊರತೆಗೆದು
ಇವತ್ತೇ ಸಾರು ಮಾಡಿಬಿಟ್ಟಳು.

ಊಟಕ್ಕೆ ಕೂತಾಗ ಯಾರೂ ಮಾತಾಡಲಿಲ್ಲ.
ಯಕ್ಷಿತಾ ಎಂದಿನಂತೆ
ತಲೆಯ ತುಂಡು ಕೇಳಿ ಹಾಕಿಸಿಕೊಂಡಳು.