ಕೈಗವಸಿನ ಲೆಕ್ಕ

ಏಪ್ರಿಲ್ ಒಂದು. ಮೂರ್ಖರ ದಿನವೇ ಸರ್ಕಾರ
ಕೂಲಿಯ ನೆಲವನ್ನು ಒಂದಿಷ್ಟು ಎತ್ತರಿಸುತ್ತದೆ.
ಆರ್ಬ್ರೋತ್ ಬಂದರಿನ ನಮ್ಮ ಹೊಗೆಗೂಡಿನ ಬಾಗಿಲಲ್ಲಿ
ಹಳೆಯ ಹಾಳೆ ಕಿತ್ತು ಹೊಸದನ್ನು ಅಂಟಿಸುತ್ತೇನೆ;
ವಾರದೊಳಗೆ ಅದೂ ತಿರುಗುತ್ತದೆ
ಹೊಗೆ ತಿಂದ ಹ್ಯಾಡಕ್ ಮೀನಿನ ಬಣ್ಣಕ್ಕೆ.

ವಯಸ್ಸಿಗೊಂದು ದರ.
ಸ್ಟ್ರೂವನ್‌ಗೆ ಮೊನ್ನೆ ಮಂಗಳವಾರ ಹದಿನೆಂಟು ತುಂಬಿತು.
ಸೋಮವಾರದ್ದೇ ಕೈ, ಅದೇ ಬಕೆಟ್ಟು, ಅದೇ ಉಪ್ಪುನೀರು.
ಕಾಯಿದೆ ಅವನನ್ನು ಅರ್ಧ ಗಂಡಸು ಮಾಡಿತು;
ಪೂರ್ತಿಗೆ ಇಪ್ಪತ್ತೊಂದು ಆಗಬೇಕಂತೆ.

ಅವನೇ ಕೇಳಿದ್ದು, ಬೂಟಿಗೆ ಕಾಲು ತೂರುತ್ತಾ:
"ಯಜಮಾನ್ರೇ, ಈ ಕೈಗವಸಿನ ದುಡ್ಡು
ಸಂಬಳದಲ್ಲಿ ಹಿಡಿಯೋದು ಸರಿಯಾ?"
"ನಮ್ಮಪ್ಪನ ಕಾಲದಿಂದಲೂ ಹಿಡಿಯುತ್ತೇವೆ" ಅಂದೆ.
ಅಪ್ಪನ ಕಾಲಕ್ಕೆ ನೆಲವೇ ಇರಲಿಲ್ಲವಲ್ಲ
ಎಂದು ಹೊಳೆದದ್ದು ರಾತ್ರಿ, ಲೆಕ್ಕದ ಪುಸ್ತಕದ ಮುಂದೆ.

ಎಫಿ ಸ್ವಾಂಕಿ. ಮೂವತ್ತೊಂದು ವರ್ಷ ನಮ್ಮಲ್ಲಿ.
ಅವಳ ಚಾಕು ಮುಳ್ಳಿನ ಗುಂಟ ಹೋಯಿತೆಂದರೆ
ಒಂದೆಳೆ ಮಾಂಸ ಉಳಿಯದು.
ಆ ಕೈಗೆಂದೇ ಗಂಟೆಗೆ ನಲವತ್ತು ಪೆನ್ಸ್ ಮೇಲಿಟ್ಟಿದ್ದೆ.
ವರ್ಷ ವರ್ಷ ನೆಲ ಏರಿತು, ಉಬ್ಬರದ ಹಾಗೆ, ಸದ್ದಿಲ್ಲದೆ,
ಅವಳು ನಿಂತಿದ್ದ ಮೆಟ್ಟಿಲು ಮುಳುಗಿತು.
ನಾನು ಮೀನಿನ ಬೆಲೆ ನೋಡುತ್ತಿದ್ದೆ.
ಈಗ ನಿನ್ನೆ ಬಂದವರದೂ ಅವಳದೂ ಒಂದೇ ಕೂಲಿ.
ಅದರಲ್ಲಿ ಕೈಗವಸು ಕಳೆ, ಏಪ್ರನ್ ಕಳೆ,
ಬೂಟು ಏರಿಸುವ ಹತ್ತು ನಿಮಿಷ ಕಳೆ
(ನಿಯಮ ಕೇಳಿದರೆ ಅದೂ ದುಡಿಮೆಯೇ):
ಎಫಿ ನೆಲದ ಕೆಳಗಿದ್ದಳು.
ಕಳ್ಳನಲ್ಲ ನಾನು, ಎಂದು ಮೂರು ಸಲ ಅಂದುಕೊಂಡೆ.
ಕ್ಯಾಲ್ಕ್ಯುಲೇಟರು ಒಪ್ಪಲಿಲ್ಲ.

ಶುಕ್ರವಾರ ಬಟವಾಡೆ. ಲಕೋಟೆ ಕೊಟ್ಟೆ.
ಆರು ವರ್ಷದ ಬಾಕಿ, ಹಳೆಯ ತಪ್ಪಿಗೆ ಇಂದಿನ ದರ.
ಜೋಡಿಸಿಕೊಂಡು ಬಂದಿದ್ದ ಮಾತು ಗಂಟಲಲ್ಲೇ ಉಳಿಯಿತು.
ಅವಳು ಕೈ ಒರೆಸಿಕೊಂಡಳು, ಚೀಟಿ ಬಿಡಿಸಿದಳು,
ಸಾಲು ಸಾಲಿಗೂ ಬೆರಳಿಟ್ಟು ಓದಿದಳು, ನಿಧಾನ,
ಮುಳ್ಳು ಹುಡುಕುವವಳ ಹಾಗೆ.
ಒಂದು ಕಡೆ ಬೆರಳು ನಿಂತಿತು.
"ಈ ಜೋಡಿ ಮೊಮ್ಮಗನಿಗೆ ಕೊಟ್ಟಿದ್ದೆ, ಏಡಿ ಹಿಡಿಯೋಕೆ.
ಇದು ನನ್ನ ಲೆಕ್ಕ," ಎಂದು ನಾಲ್ಕು ಪೌಂಡು
ಮೇಜಿನ ಮೇಲಿಟ್ಟಳು. ಒದ್ದೆ ನಾಣ್ಯ.

ಉಳಿದದ್ದನ್ನು ಏಪ್ರನ್ನಿನ ಒಳಕ್ಕೆ ಸೇರಿಸಿ
ಚಾಕು ಕೈಗೆತ್ತಿಕೊಂಡು ಕೇಳಿದಳು:
"ಆ ನಲವತ್ತು ಪೆನ್ಸ್?"

ಬಾಗಿಲ ಹಾಳೆಯತ್ತ ತಿರುಗಿ ನೋಡಿದೆ.
ಅದರ ವಿಷಯ ಅಲ್ಲಿ ಏನೂ ಬರೆದಿರಲಿಲ್ಲ.