ಹರಿದ ಅಂಗಿ

ಟ್ರಿನಿಡಾಡಿನ ದಕ್ಷಿಣಕ್ಕೆ, ಫೈಜಾಬಾದಿನ ಅಡ್ಡರಸ್ತೆಯಲ್ಲಿ
ತಗಡಿನ ಸೂರಿನ ಕೆಳಗೆ ಟಾಂಟಿ ಧನ್ಮತಿಯ ಹೆಂಚು.
ಬೋರ್ಡಿಲ್ಲ. ಮೆಟ್ಟಿಲ ಬಳಿ ಒಂದು ನಾಯಿ ಇದೆ,
ಅದು ಎದ್ದು ನಿಂತಿದ್ದರೆ
ರೊಟ್ಟಿ ಶುರುವಾಗಿದೆ ಎಂದರ್ಥ.

ಶುಕ್ರವಾರ ಮೂರೂವರೆಗೆ ಬಂದೆ, ಬಿಳಿ ಅಂಗಿ ತೊಟ್ಟು.
ಇಪ್ಪತ್ತೆರಡು ವರ್ಷ ಎಣ್ಣೆ ಕಂಪನಿಯಲ್ಲಿ ವಾಲ್ವು ತಿರುಗಿಸಿದವರಿಗೆ
ಕೊನೆಯ ಲಕೋಟೆ ಕೊಡುವಾಗ ಫೋಟೊ ತೆಗೆಯುತ್ತಾರಂತೆ,
ಒಳ್ಳೆಯ ಅಂಗಿ ಹಾಕಿಕೊಂಡು ಬನ್ನಿ ಎಂದಿದ್ದರು.
ಮರ್ವಾ ನಾಲ್ಕು ಗಂಟೆಗೇ ಎದ್ದು ಇಸ್ತ್ರಿ ಮಾಡಿದಳು,
ಕಾಲರಿಗೆ ಗಂಜಿ. ಒಂದು ಮಾತಾಡಲಿಲ್ಲ.
ತೋಳಿನ ಗೆರೆಯಲ್ಲಿ ಪಪ್ಪಾಯಿ ಹೆಚ್ಚಬಹುದಿತ್ತು.

ಟಾಂಟಿ ನನ್ನನ್ನು ನೋಡಿದಳು, ಅಂಗಿಯನ್ನು ನೋಡಿದಳು,
ಯಾರು ಸತ್ತರು ಎಂದು ಕೇಳಲಿಲ್ಲ.
"ಕೂತ್ಕೋ ರಾಲ್" ಅಂದು ಕಣಕದ ಉಂಡೆಗೆ ಕೈ ಹಾಕಿದಳು.
ಬೆಣ್ಣೆ ಸವರಿ, ಶಂಖದ ಹಾಗೆ ಸುತ್ತಿ, ತುದಿ ಒಳಗೆ ಒತ್ತಿ,
ಮತ್ತೆ ಲಟ್ಟಿಸಿ, ಅಗಲ, ಇನ್ನೂ ಅಗಲ,
ದುಪ್ಪಟಿ ಕೊಡವಿದಂತೆ ಹೆಂಚಿಗೆ ಹಾಸಿದಳು.

ಉಬ್ಬಿತು,
ಹಟಕ್ಕೆ ಉಸಿರು ಕಟ್ಟಿದ ಮಗುವಿನ ಕೆನ್ನೆ.

ಆಗ ಎರಡು ಕೈಗೂ ಮರದ ಮಗುಚುವ ಕೈ ಹಿಡಿದು
ಬಡಿಯತೊಡಗಿದಳು.
ಎಪ್ಪತ್ತೊಂದರ ಮೊಣಕೈ! ಯಾರ ಮೇಲಿನ ಸಿಟ್ಟೋ.
ಅಜ್ಜನ ಕಾಲದ ಕಬ್ಬಿನ ಗದ್ದೆಯ ಮೇಸ್ತ್ರಿಯದೋ,
ಬಾಡಿಗೆ ಏರಿಸಿದ ಗ್ಯಾಸಿನವನದೋ;
ನಮ್ಮ ಮ್ಯಾನೇಜರನ ಲೆಕ್ಕಕ್ಕೂ ಒಂದೆರಡು ಏಟು ಸೇರಿಸಿರಬೇಕು.
ನುಣ್ಣಗಿದ್ದದ್ದು ಚಿಂದಿಯಾಯಿತು, ಪದರ ಪದರ,
ಆವಿಯಾಡುವ ಬಟ್ಟೆ.

ನಮ್ಮಲ್ಲಿ ಅದರ ಹೆಸರೇ ಬಸ್-ಅಪ್-ಶಟ್,
ಹರಿದ ಅಂಗಿ.
ಹೆಸರಿಟ್ಟವನ ಮೈಮೇಲೂ ಅದೇ ಇದ್ದಿರಬೇಕು.

ಪಕ್ಕದಲ್ಲಿ ಕಡಲೆ, ಆಲೂ.
ಆಲೂ ಅರ್ಧ ಎಸರಿಗೆ ಕರಗಿದೆ, ಅರ್ಧ ಇನ್ನೂ ಹಟ ಹಿಡಿದಿದೆ.
ಹುರಿದ ಜೀರಿಗೆ, ಶಾದೊ ಬೆನಿ ಸೊಪ್ಪಿನ ಹಸಿ ಘಾಟು,
ನಾಲಿಗೆ ಚುರುಗುಟ್ಟಿಸುವ ಮೆಣಸಿನ ರಸ ಒಂದೇ ಹನಿ.
(ಎರಡು ಕೇಳಿದರೆ ಟಾಂಟಿ ಬೈಯುತ್ತಾಳೆ.)

ಅಮ್ಮನಿಗೆ ಇದು ಬರುತ್ತಿರಲಿಲ್ಲ. ಅವಳು ಗ್ರೆನಡಾದವಳು,
ಬ್ರೆಡ್‌ಫ್ರೂಟು, ತೆಂಗಿನ ಹಾಲು ಅವಳ ಕೈರುಚಿ.
ಅಪ್ಪ ಹಡಗು ಹತ್ತಿ ಹೋದ ವಾರ ಮಾತ್ರ
ಎನಾಮಲ್ ಬಟ್ಟಲು ಕೊಟ್ಟು ನನ್ನನ್ನಿಲ್ಲಿಗೆ ಕಳಿಸಿದ್ದಳು:
"ಸಾಲ ಅಂತ ಹೇಳು."
ಹೇಳಿದೆ. ಟಾಂಟಿ ಹೂಂಗುಟ್ಟಿದಳು.
ಅದನ್ನು ಯಾವ ಪುಸ್ತಕದಲ್ಲೂ ಬರೆದುಕೊಂಡದ್ದು ನಾನು ಕಾಣೆ.
ಬಟ್ಟಲು ಬಿಸಿಯಿತ್ತು, ಎದೆಗೊತ್ತಿಕೊಂಡು ನಡೆದದ್ದು ನೆನಪಿದೆ.

ಈಗ ತೋಳು ಮಡಚಿ, ಕಾಲರಿಗೆ ಕಾಗದ ಸಿಕ್ಕಿಸಿ
ದೂರದಿಂದ ತಿನ್ನುತ್ತಿದ್ದೆ, ಪಾದ್ರಿಯ ಹಾಗೆ, ಮೇಜಿಗೆ ಬಾಗಿ.
ಕಿತ್ತ ಚೂರಿನಲ್ಲಿ ಕಡಲೆ ಬಾಚಿದೆ,
ಒಂದು ಕಾಳು ಯೋಚನೆ ಮಾಡಿತು,
ಬಿತ್ತು.
ಮೂರನೇ ಗುಂಡಿಯ ಪಕ್ಕ, ಹಳದಿ, ಹರಡುತ್ತಾ.

ಟಾಂಟಿ ನೋಡಿಯೂ ನೋಡದಂತೆ ಹೆಂಚು ಒರೆಸಿದಳು.
ನಾಯಿ ನೋಡಿತು.
ಆಮೇಲೆ ಕಾಗದ ತೆಗೆದೆಸೆದು, ಮೊಣಕೈ ಮೇಜಿಗೂರಿ,
ಬೆರಳ ಸಂದಿನಲ್ಲಿ ಎಸರು ಇಳಿಯುತ್ತಿರಲು
ತಿನ್ನಬೇಕಾದ ಹಾಗೆ ತಿಂದೆ. ಮತ್ತೊಂದು ಹಾಕಿಸಿಕೊಂಡೆ.
ಲಕೋಟೆಯ ಮೇಲೂ ಒಂದು ಎಣ್ಣೆಯ ಬೆರಳು ಬಿದ್ದಿದೆ,
ಇರಲಿ, ಬ್ಯಾಂಕಿನವರಿಗೂ ಹಸಿವಾಗಲಿ.

ಮನೆಯಲ್ಲಿ ಮರ್ವಾ ಬಾಗಿಲಲ್ಲೇ ನಿಲ್ಲಿಸಿ,
ತೊಟ್ಟ ಅಂಗಿಯ ಮೇಲೇ ಸೋಪು ಉಜ್ಜಿದಳು.
ಸೋಪು ತಾಗಿದ್ದೇ ಅರಿಶಿನ ಕೆಂಪಾಯಿತು.
ಮಬ್ಬು ಬೆಳಕು. ಬೆಚ್ಚಿ ಕೈ ತೆಗೆದಳು,
ಇಡೀ ದಿನದ ಮೊದಲ ಮಾತು:
"ಗಾಯ ಆಯ್ತಾ?"

ಊಟ ಆಯ್ತು, ಅಂದೆ.
ಚೀಲದಲ್ಲಿ ನಿನ್ನದೂ ಇದೆ,
ಹರಿದದ್ದು,
ಇನ್ನೂ ಬಿಸಿ.